ಸಮುದ್ರ ಭರ್ತಿಯಾದ ದಿನ

ನವಿಲುತೀರ್ಥದ ಅಣೆಕಟ್ಟಿನಲ್ಲಿ ಗೇಟ್ ನೋಡಿಕೊಳ್ಳುತ್ತಿದ್ದ ಶಟ್ಟೆಪ್ಪನಿಗೆ ನೀರಿನ ಹತ್ತಿರ ಮನುಷ್ಯರನ್ನು ಕಂಡರೆ ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಅಣೆಕಟ್ಟು ತುಂಬಿ ‘ಭರ್ತಿ ಆತು’ ಎಂಬ ಮಾತು ಬಂದರೆ ಸಾಕು, ಗೇಟು ಎತ್ತುವ ಮೊದಲೇ ಇವನು ಕೊರಳಿನ ಸೀಟಿ ಬಾಯಿಗಿಟ್ಟುಕೊಂಡು ಮಲಪ್ರಭೆಯ ದಂಡೆಗುಂಟ ಓಡುತ್ತಿದ್ದ. ಬಟ್ಟೆ ಒಗೆಯುವವರು, ಎಮ್ಮೆ ಮೈತೊಳೆಯುವವರು, ಎಲ್ಲರೂ ಮೇಲೆ ಬರಬೇಕು. ಬರದವರ ರಟ್ಟೆ ಹಿಡಿದು ಎಳೆಯುತ್ತಿದ್ದ. ಒಮ್ಮೆ ನನ್ನನ್ನೂ ಅರ್ಧ ಹಿಂಡಿದ ಸೀರೆಯ ಸಮೇತ ಎಬ್ಬಿಸಿದ್ದ. ಆ ಸಿಟ್ಟು ನನಗೆ ಇನ್ನೂ ಇದೆ. ಆದರೆ ಅವನಿದ್ದಷ್ಟು ಕಾಲ ಒಬ್ಬರೂ ಕೊಚ್ಚಿಹೋಗಲಿಲ್ಲ, ಅದನ್ನೂ ಹೇಳಬೇಕು.

ಹೆಂಡತಿ ಸುಂದರವ್ವ ರಾಮದುರ್ಗದ ಕಡೆಯ ಒಕ್ಕಲುತನದ ಮನೆಯವಳು. ಅಷ್ಟು ದೊಡ್ಡ ಅಣೆಕಟ್ಟಿನ ಪಕ್ಕದ ಕಾಲೋನಿಗೆ ಬಂದರೂ ಅವಳ ಹಣೆಬರಹಕ್ಕೆ ಸಿಕ್ಕಿದ್ದು ನಳದ ನೀರು. ಹೊಳೆಗಿಳಿಯಲು ಗಂಡ ಬಿಟ್ಟವನೇ ಅಲ್ಲ. ಎಪ್ಪತ್ತಾರರ ಚಳಿಗಾಲದಲ್ಲಿ ಕಾಲೋನಿಯವರೆಲ್ಲ ಸೇರಿ ಕಾರವಾರಕ್ಕೆ ಟ್ರಿಪ್ ಹೊರಟಾಗ ಅವಳು ನನ್ನ ಹತ್ತಿರ ಬಂದು ಹೇಳಿದಳು.

“ಶಾಂತಾಬಾಯಾರ, ನಾ ಸಮುದ್ರದಾಗ ನಡಮಟ ನಿಲ್ಲಾಕಿ. ನಾ ಬರೂದ ಅದಕ್ಕ.”

“ಪಾದ ತೋಯಿಸ್ಕೊಂಡು ಹೊಳ್ಳಿ ಬಾ, ಸಾಕು,” ಎಂದ ಹಿಂದೆ ನಿಂತಿದ್ದ ಶಟ್ಟೆಪ್ಪ.

ದಾರಿಯುದ್ದಕ್ಕೂ ಬಸ್ಸಿನಲ್ಲಿ ಹಾಡು, ಚುರುಮುರಿ, ಕಿತ್ತಾಟ. ಘಟ್ಟ ಇಳಿಯುವಾಗ ಹಾಡುವವರೆಲ್ಲ ವಾಂತಿ ಮಾಡಿಕೊಂಡು ಸುಮ್ಮನಾದರು. ಕಾರವಾರದಲ್ಲಿ ಕಾಳಿ ನದಿ ದಾಟಿ ಸದಾಶಿವಗಡ ಹತ್ತಿದೆವು. ಮೇಲಿನಿಂದ ಸಮುದ್ರ ಕಂಡದ್ದೇ ತಡ, ನಮ್ಮ ಯಜಮಾನರು, ಆಫೀಸಿನಲ್ಲಿ ಎಂದೂ ನಗದ ನೀಲಕಂಠರಾಯರು, ಟೊಪ್ಪಿಗೆ ಕಿತ್ತು ಗಾಳಿಗೆ ತೂರಿದರು. ಅದು ಮತ್ತೆ ಸಿಗಲಿಲ್ಲ. ಆಮೇಲೆ ದೋಣಿ ಹತ್ತಿದರೆ, ಅದು ವಾಲಿದಾಗಲೆಲ್ಲ ಹೆಂಗಸರು ಕಿರುಚಿ, ಕಿರುಚಿದ್ದಕ್ಕೆ ನಕ್ಕು, ಹೊಟ್ಟೆ ಹಿಡಿದುಕೊಂಡರು. ಶಟ್ಟೆಪ್ಪ ಒಬ್ಬನೇ ಮುಖ ಗಂಟಿಕ್ಕಿ ನೀರು ನೋಡುತ್ತ ಕುಳಿತಿದ್ದ.

ಮಧ್ಯಾಹ್ನ ಕಡಲ ದಂಡೆಗೆ ಬಂದೆವು. ಬಿಸಿಲು ಇಳಿದೊಡನೆ ಬಸ್ಸು ಹೊರಡುತ್ತದೆಂದು ಡ್ರೈವರ್ ಮೊದಲೇ ಹೇಳಿದ್ದ. ಸುಂದರವ್ವ ರೊಟ್ಟಿ ಗಂಟನ್ನು ನನ್ನ ಕೈಗಿತ್ತು, ಕಚ್ಚೆ ಬಿಗಿದು ಹೊರಟಳು. ಅಷ್ಟರಲ್ಲಿ ಅವಳ ಗಂಡ, ಹೊಳೆಯ ದಂಡೆಯಲ್ಲಿ ಮಾಡುವ ಹಾಗೆ, ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ನಿಂತಿದ್ದ. ನೋಡುನೋಡುತ್ತಲೇ ಕಡ್ಡಿ ಮುಳುಗಿತು. ಅವನ ಮುಖ ಬಿಳಿಚಿತು. ಅಲ್ಲೇ ಬಲೆ ಹೆಣೆಯುತ್ತಿದ್ದ ಮೀನುಗಾರನನ್ನು ಕೇಳಿದ.

“ಯಜಮಾನ್ರ, ನೀರು ಏರಾಕ್ಹತ್ತೈತೇನ್ರಿ?”

“ಹೌದು, ಭರ್ತಿ,” ಎಂದ ಅವನು, ತಲೆಯೆತ್ತದೆ.

ಮುಗಿಯಿತು. ಶಟ್ಟೆಪ್ಪ ಸೀಟಿ ಊದುತ್ತ ಓಡಿದ. “ಭರ್ತಿ ಆಗೈತಿ, ಗೇಟ್ ಎತ್ತತಾರ, ಮ್ಯಾಲ ಬರ್ರಿ,” ಎಂದು ನಮ್ಮವರನ್ನಷ್ಟೇ ಅಲ್ಲ, ಗೋವೆಯಿಂದ ಬಂದವರನ್ನು, ಮದುವೆಯಾಗಿ ವಾರವಾಗದ ಜೋಡಿಯೊಂದನ್ನು, ಫೋಟೋ ತೆಗೆಯುವವನನ್ನು, ಎಲ್ಲರನ್ನೂ ಎಬ್ಬಿಸಿದ. ಟ್ರಿಪ್ಪಿಗೂ ಬಿಡದೆ ತೊಟ್ಟು ಬಂದಿದ್ದ ಅವನ ಖಾಕಿ ಅಂಗಿ ನೋಡಿ ಜನ ನಂಬಿ ಓಡಿದರು. ನಾನೂ ರೊಟ್ಟಿ ಗಂಟು ಎದೆಗವಚಿಕೊಂಡು ಓಡಿದೆ. ಪಾದವಷ್ಟೇ ತೋಯ್ದಿದ್ದ ಸುಂದರವ್ವನನ್ನು ಅವನು ಗಾಳಿಮರಗಳ ತನಕ ಎಳೆದು ತಂದ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಮೀನುಗಾರ ನಗುತ್ತ ನಮ್ಮ ಹಿಂದೆಯೇ ಬಂದ. ಅವರ ಕಡೆ ಭರ್ತಿ ಎಂದರೆ ಕಡಲಿನ ಉಬ್ಬರವಂತೆ, ದಿನಾ ಬಂದು ತಾನಾಗಿ ಇಳಿಯುತ್ತದಂತೆ.

“ಹಂಗಾರ ಇದನ್ನ ಬಿಡಾವ್ರು ಯಾರು?” ಶಟ್ಟೆಪ್ಪ ಕೇಳಿದ.

“ಯಾರೂ ಇಲ್ಲ ಮಾರಾಯ.”

ದಂಡೆ ತುಂಬ ನಗುವೋ ನಗು. ಹೊಸ ಗಂಡನಂತೂ ನಕ್ಕೂ ನಕ್ಕೂ ಮರಳಿನ ಮೇಲೆ ಉರುಳಿದ. ಆ ಗದ್ದಲದಲ್ಲೇ ಸುಂದರವ್ವ ಕೈ ಕೊಸರಿಕೊಂಡು ಸೀದಾ ನೀರಿಗೆ ನಡೆದಳು. “ಏ, ನಿಲ್ಲ,” ಎನ್ನುತ್ತ ಅವನು ಬೆನ್ನಟ್ಟಿದ. ಅವಳು ನಡಮಟ ನೀರಿನಲ್ಲಿ ನಿಂತು ತಿರುಗುವುದಕ್ಕೂ ಒಂದು ದೊಡ್ಡ ತೆರೆ ಬಂದು ಇಬ್ಬರನ್ನೂ ಕೆಡವುವುದಕ್ಕೂ ಸರಿಹೋಯಿತು. ಇಬ್ಬರೂ ಎದ್ದರು. ಅವಳು ಕೆಮ್ಮುತ್ತಿದ್ದಳು, ನಗುತ್ತಿದ್ದಳು. ಅವನೂ ನಗುತ್ತಿದ್ದ. ಆ ಮನುಷ್ಯನ ಹಲ್ಲು ನಾನು ನೋಡಿದ್ದು ಅಂದೇ ಮೊದಲು.

ಬಸ್ಸಿನ ಹಾರ್ನ್ ಕೇಳಿತು. ಮಂದಿಯೆಲ್ಲ ಸೀರೆ, ಧೋತರ ಹಿಂಡಿಕೊಳ್ಳುತ್ತ ಹೊರಟರು. ಸುಂದರವ್ವನೂ ತೃಪ್ತಿಯಾಗಿ ಮೇಲೆ ಬಂದಳು. ಶಟ್ಟೆಪ್ಪ ಮಾತ್ರ ಎದೆಮಟ ನೀರಿನಲ್ಲಿ ಕೈ ಅಗಲಿಸಿ ನಿಂತಿದ್ದ. ನಾನೇ ಅಂಚಿಗೆ ಹೋಗಿ ಕರೆದೆ.

“ಶಟ್ಟೆಪ್ಪ, ಬಾರಪಾ. ಎಲ್ಲಾರೂ ಕಾಯ್ಲಿಕ್ಕೆ ಹತ್ಯಾರ.”

“ಬಾಯಾರ,” ಎಂದ ಅವನು, ಸಮುದ್ರದಿಂದ ಕಣ್ಣು ತೆಗೆಯದೆ, “ಇಷ್ಟ ನೀರೈತಿ. ಇದಕ್ಕ ನಾ ಜವಾಬ್ದಾರ ಅಲ್ಲರಿ.”

ನಾನು ಹೋಗಿ ಡ್ರೈವರನಿಗೆ ಇನ್ನಷ್ಟು ಹೊತ್ತು ಬಸ್ಸು ನಿಲ್ಲಿಸಲು ಹೇಳಿದೆ.