ಅಕ್ಕನ ಅರ್ಧ ಆಟ

ಅಕ್ಕ ಕೊಪ್ಪದ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ನಾಯಕಿ. ಅವಳ ಆಟವಿದ್ದ ದಿನ ಅಪ್ಪ, ಅಮ್ಮ, ನಾನು ಕಮ್ಮರಡಿಯಿಂದ ಬೆಳಗಿನ ಬಸ್ಸಿಗೇ ಹೋಗುತ್ತಿದ್ದೆವು. ಅವಳು ಬುಟ್ಟಿಗೆ ಚೆಂಡು ಹಾಕಿದಾಗಲೆಲ್ಲ ಅಪ್ಪ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು.

ಕೊನೆಯ ವರ್ಷದ ಫೈನಲ್ ನೆನೆದರೆ ಮಾತ್ರ ಈಗಲೂ ಮೈ ಉರಿಯುತ್ತದೆ. ಅರ್ಧ ಆಟ ಮುಗಿದಿತ್ತು. ತಡವಾಗಿ ಬಂದ ಅತಿಥಿಗಾಗಿ ಅಂಕಣದ ನಡುವೆಯೇ ಕುರ್ಚಿ ಹಾಕಿದರು. ಬೆವರುತ್ತಿದ್ದ ಅಕ್ಕನ ಕೈಗೆ ಹಾರ, ಶಾಲುಗಳ ತಟ್ಟೆ ಕೊಟ್ಟು ನಿಲ್ಲಿಸಿದರು. ಹೆಣ್ಣುಮಕ್ಕಳು ಆಟವಾಡಬೇಕು ಎಂದು ಆತ ಒಂದು ಗಂಟೆ ಕೊರೆದ. ನಾನು ಕೂಗಲು ಎದ್ದರೆ ಅಪ್ಪ ಕೈಹಿಡಿದು ಎಳೆದರು.

"ಸುಮ್ನೆ ಕೂತ್ಕೋ ಮಾರಾಯ, ದೊಡ್ಡೋರು ಮಾತಾಡ್ತಿದಾರೆ."

ಭಾಷಣ ಮುಗಿದದ್ದೇ, ಹೊತ್ತಾಯಿತೆಂದು ಹುಡುಗಿಯರ ಆಟವನ್ನು ಅಲ್ಲಿಗೇ ನಿಲ್ಲಿಸಿದರು. ಚಪ್ಪಾಳೆ ಬಿದ್ದದ್ದು ಅತಿಥಿಗೆ. ಎಲ್ಲರಿಗಿಂತ ಮೊದಲು ಎದ್ದು ನಿಂತು ಹೊಡೆದವರು ನನ್ನ ಅಪ್ಪ.