ಅಮ್ಮನ ಗಸಗಸೆ ಪಾಯಸ, ಸರ್ಕಾರದ ಕಡತ

ನನ್ನ ಸೀಮಂತಕ್ಕೆಂದು ಮೈಸೂರಿನಿಂದ ಮಲೇಷ್ಯಾದ ಪುಚೊಂಗ್‌ಗೆ ಬಂದಿದ್ದ ಅಮ್ಮ ಪಾತ್ರೆ ತುಂಬ ಗಸಗಸೆ ಪಾಯಸ ಮಾಡಿದ್ದಳು. ಎರಡೇ ದಿನದಲ್ಲಿ ಐದು ಲೋಟ ಕುಡಿದೆ. ಎಂಟು ತಿಂಗಳ ಬಸುರಿಗೆ ಬೇಡ ಎನ್ನುವ ಧೈರ್ಯ ಯಾರಿಗಿದೆ?

ಮರುದಿನ ಬೆಳಿಗ್ಗೆ ತಪಾಸಣೆಗೆ ಹೋದವಳು ಕ್ಲಿನಿಕ್ಕಿನ ಕುರ್ಚಿಯಲ್ಲೇ ಗೊರಕೆ ಹೊಡೆದೆನಂತೆ. ಎಬ್ಬಿಸಿದ ನರ್ಸಿನ ಮುಖ ನೋಡಿ ಕಿಸಕ್ಕನೆ ನಕ್ಕೆ. ಡಾಕ್ಟರಿಗೆ ಅನುಮಾನ ಬಂತು. ನನ್ನನ್ನು ಕೇಳಿಯೇ ಮೂತ್ರ ಪರೀಕ್ಷೆ ಮಾಡಿಸಿದರು. ಅದರಲ್ಲಿ ಅಫೀಮಿನ ಅಂಶ ಕಾಣಿಸಿತು!

"ಮಗುವಿನ ವಿಷಯ. ಮಕ್ಕಳ ವೆಲ್ಫೇರ್ ಇಲಾಖೆಯವರಿಗೆ ತಿಳಿಸಲೇಬೇಕು, ಇಲ್ಲಿನ ನಿಯಮ. ಮುಂದಿನ ವಾರ ಇನ್ನೊಮ್ಮೆ ಪರೀಕ್ಷೆ," ಎಂದರು.

"ಮಗುವನ್ನು ಕಿತ್ಕೊಳ್ತಾರಾ?"

"ಅದನ್ನ ನಾನು ಹೇಳೋಕಾಗಲ್ಲ."

ನನ್ನ ನಗು ಜರ್ರನೆ ಇಳಿಯಿತು.

ಮನೆಯಲ್ಲಿ ಅಮ್ಮ ಕೆಂಡಾಮಂಡಲವಾದಳು. "ಅಫೀಮಂತೆ! ನೀನು ಹೊಟ್ಟೇಲಿದ್ದಾಗ ನಾನೂ ಕುಡೀಲಿಲ್ವೇನೇ?"

"ಅದಕ್ಕೇ ನಾನು ಹಿಂಗಿರೋದು!"

ಎರಡು ದಿನ ಬಿಟ್ಟು ವೆಲ್ಫೇರ್ ಅಧಿಕಾರಿ ಬಂದರು. ತಲೆಗೆ ತುಡುಂಗ್ ವಸ್ತ್ರ ಸುತ್ತಿದ್ದ, ಅಮ್ಮನ ವಯಸ್ಸಿನ ಹೆಂಗಸು. ಬಾಯಿ ಬಿಡಬೇಡ ಎಂದು ಅಮ್ಮನಿಗೆ ಮೊದಲೇ ತಾಕೀತು ಮಾಡಿದ್ದೆ. ಬಾಯಿ ಬಿಡಲಿಲ್ಲ, ನಿಜ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕೂರಿಸಲಾರದೆ, ಫ್ರಿಜ್ಜಿನಲ್ಲಿ ಉಳಿದಿದ್ದ ಪಾಯಸ ಬಿಸಿ ಮಾಡಿ ಲೋಟದಲ್ಲಿ ತಂದಿಟ್ಟಳು!

"ಕುಡೀಬೇಡಿ!" ಎಂದು ಹೊಟ್ಟೆ ಹಿಡಿದು ಚಂಗನೆ ಎದ್ದೆ.

ಅವರು ಮೂಸಿ ನೋಡಿದರು. "ಇದು ಕಸ್‌ಕಸ್ ಅಲ್ವಾ? ನಾನೂ ಕುರ್ಮಾಕ್ಕೆ ಒಂದು ಚಮಚ ಹಾಕ್ತೀನಿ ಲಾ. ಇದರಲ್ಲಿ ಎಷ್ಟಿದೆ?" ಎಂದು ಇಲ್ಲಿನವರ 'ಲಾ' ಬೆರೆಸಿದ ಇಂಗ್ಲಿಷಿನಲ್ಲಿ ಕೇಳಿದರು.

ನಾನು ಕನ್ನಡದಲ್ಲಿ ಕೇಳಿದೆ. ಅಮ್ಮ ಹೆಮ್ಮೆಯಿಂದ ಲೋಟ ತೋರಿಸಿದಳು. "ಇದರ ತುಂಬ."

ಅಧಿಕಾರಿಯ ಪೆನ್ನು ನಿಂತಿತು. ಆಮೇಲೆ ಮೂವರೂ ಬಿದ್ದು ಬಿದ್ದು ನಕ್ಕೆವು, ಹೊಟ್ಟೆಯೊಳಗಿನದೂ ಒದೆಯಿತು. ಹುರಿಯುವುದರಿಂದ ಹಿಡಿದು ಬೆಲ್ಲದವರೆಗೆ ಇಡೀ ಪಾಯಸವನ್ನು ಸರ್ಕಾರಿ ಫಾರಮ್ಮಿಗೆ ಇಳಿಸಿಕೊಂಡರು.

ಅಮ್ಮನನ್ನು ಒಳಗೆ ಕಳಿಸಿ ಮೆಲ್ಲಗೆ ಕೇಳಿದರು: "ನೀನು ಚೆನ್ನಾಗಿದ್ದೀಯಾ? ಮನೆಯಲ್ಲಿ ಯಾರಾದರೂ ನೋಯಿಸ್ತಾರಾ?" ಅದು ಫಾರಮ್ಮಿನಲ್ಲಿದ್ದ ಪ್ರಶ್ನೆಯೇ. ಆದರೆ ಎಂಟು ತಿಂಗಳಿಂದ ಎಲ್ಲರೂ ಹೊಟ್ಟೆಯನ್ನಷ್ಟೇ ವಿಚಾರಿಸಿದ್ದರು. ಚೆನ್ನಾಗಿದ್ದೀನಿ ಎನ್ನುತ್ತಲೇ ಗೊಳೋ ಎಂದು ಅತ್ತುಬಿಟ್ಟೆ.

ಎರಡನೆಯ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. "ಕಡತ ಮುಚ್ಚಿದೆ. ಮಗು ನಿನ್ನದೇ ಲಾ," ಎಂದು ಅವರು ಫೋನ್ ಮಾಡಿದ ದಿನ ಅಮ್ಮ ಕುಣಿದಾಡುತ್ತಾ ಗಸಗಸೆ ಹುರಿಯಲು ಹೊರಟಳು. ಅವಳ ಕೈಯಿಂದ ಡಬ್ಬಿ ಕಿತ್ತುಕೊಂಡು ಶಾವಿಗೆ ಪೊಟ್ಟಣ ಕೊಟ್ಟೆ.