ಹ ಅಕ್ಷರಕ್ಕೆ ಚಿತ್ರ ಸಿಕ್ಕಿದ್ದು

ತೊಂಬತ್ತರ ದಶಕದ ಆರಂಭ. ಸಾಕ್ಷರತಾ ಆಂದೋಲನ ನಮ್ಮ ಕಡೆಗೂ ಬಂದಾಗ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಓದು ಕಲಿಸಲು ನಾನೂ ಹೆಸರು ಕೊಟ್ಟೆ. ಚಿಕ್ಕೋಡಿಯಲ್ಲಿ ಮೂರು ದಿನ ತರಬೇತಿ. ಪಾಠದ ಚಿತ್ರಗಳನ್ನು ನೀವೇ ತಯಾರಿಸಬೇಕು ಎಂದು ಹೇಳಿ, ಮಾದರಿಗೊಂದು ಪುಸ್ತಕ ಕೊಟ್ಟು ಕಳಿಸಿದರು.

ಚಿತ್ರ ತೆಗೆಯುವುದೆಂದರೆ ನನಗೆ ಮೊದಲಿನಿಂದ ಹುಚ್ಚು. ವಾರವಿಡೀ ಕುಳಿತು ರಟ್ಟು ಕತ್ತರಿಸಿ, ಒಂದು ಬದಿಗೆ ಅಕ್ಷರ, ಇನ್ನೊಂದು ಬದಿಗೆ ಚಿತ್ರ ಬರೆದೆ. ಪುಸ್ತಕದಲ್ಲಿದ್ದಂತೆಯೇ ಹ ಅಂದರೆ ಹಸು, ಮ ಅಂದರೆ ಮರ. ಹಸುವಿಗೆ ಉದ್ದನೆಯ ರೆಪ್ಪೆ ಕೂಡ ಬರೆದಿದ್ದೆ.

ಮಧ್ಯಾಹ್ನದ ತರಗತಿ, ಒಬ್ಬರ ಮನೆಯ ಅಂಗಳದಲ್ಲಿ. ಹನ್ನೊಂದು ಹೆಂಗಸರು ತಂಬಾಕು, ಎಲೆ ತುಂಬಿದ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಬೀಡಿ ಸುತ್ತುವ ಕೈ ನಿಲ್ಲುವಂತಿಲ್ಲ. ಪಾಟಿ ಹಿಡಿದು ಬರೆಯುವವರು ಯಾರು? ನಾನು ರಟ್ಟುಗಳನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಸಾಲಾಗಿ ಸಿಕ್ಕಿಸಿ, ಮೊದಲನೆಯದನ್ನು ತೋರಿಸಿದೆ.

"ಇದು ಮರ. ಮ, ಮರ."

ಅವರಲ್ಲೆಲ್ಲ ಹಿರಿಯಳು, ಎಲ್ಲರೂ ಆಯಿ ಎಂದು ಕರೆಯುತ್ತಿದ್ದ ಅಜ್ಜಿ, ತಲೆ ಎತ್ತಿದಳು. "ಅಕ್ಕೋರ, ಅದು ಗಿಡ ಐತ್ರಿ. ಮರ ಇಲ್ಲೈತಿ ನೋಡ್ರಿ, ನನ್ನ ತೊಡಿ ಮ್ಯಾಲ," ಎಂದು ಮೊರವನ್ನು ತಟ್ಟಿದಳು.

ಹೌದಲ್ಲ! ನಮ್ಮ ಮನೆಯಲ್ಲೂ ಮೊರಕ್ಕೆ ಮರ ಅಂತಲೇ ಅನ್ನುತ್ತಿದ್ದೆವು, ಮರಕ್ಕೆ ಗಿಡ ಅಂತ. ಪುಸ್ತಕ ಕೈಗೆ ಬಂದದ್ದೇ ತಡ, ನನ್ನ ಮಾತನ್ನು ನಾನೇ ಮರೆತಿದ್ದೆ. ಹಸುವಿನ ರಟ್ಟು ತೋರಿಸಿದರೆ ಎಲ್ಲರೂ ಒಂದೇ ದನಿಯಲ್ಲಿ "ಆಕಳ" ಎಂದರು. ಕಡಲೆಕಾಯಿ ತೋರಿಸಿದರೆ "ಶೇಂಗಾ". ಸಂಜೆಯ ಹೊತ್ತಿಗೆ ನನ್ನ ಅರ್ಧ ರಟ್ಟುಗಳು ಕೆಲಸಕ್ಕೆ ಬಾರದಾಗಿದ್ದವು. ಅಳು ಬರುವಂತಾಗಿತ್ತು, ಆದರೆ ಅವರ ನಗೆಯ ನಡುವೆ ಅಳುವುದಾದರೂ ಹೇಗೆ?

ಮರುದಿನ ಖಾಲಿ ರಟ್ಟು, ಬಣ್ಣ ತೆಗೆದುಕೊಂಡು ಹೋದೆ. "ನೀವ ಹೇಳ್ರಿ, ನಾ ತೆಗೀತೀನಿ," ಎಂದೆ. ಮ ಅಕ್ಷರಕ್ಕೆ ಮೊರ ಬಂತು, ಗಿಡ ಗ ಅಕ್ಷರದ ಪಾಲಾಯಿತು, ಆಕಳು 'ಆ' ಅಕ್ಷರಕ್ಕೆ ಹೋಯಿತು. ಹ ಮಾತ್ರ ಖಾಲಿ ಉಳಿಯಿತು.

"ನನ್ನ ಹಲ್ಲ ತೆಗೀರಿ," ಎಂದಳು ಆಯಿ.

"ಅಕ್ಕೋರೇನ್ ಡಾಕ್ಟರ್ ಅದಾರೇನ್ ಬೇ?" ಎಂದು ಪಕ್ಕದವಳು ಕೇಳಿದಳು.

"ಚಿತ್ರ ತೆಗೀರಿ ಅಂದೆ! ಮೂರ ಅದಾವು, ಲಗೂನ ಮುಗೀತೈತಿ."

ಆಯಿ ಬೀಡಿ ಸುತ್ತುತ್ತಲೇ ಬಾಯಿ ತೆರೆದು, ತಲೆ ಅಲುಗಿಸದೆ ಕುಳಿತಳು. ನಾನು ಬರೆದೆ. ಎರಡೇ ವಾರದಲ್ಲಿ ಆ ಹೆಂಗಸರು ಚಿತ್ರದ ಬದಿ ನೋಡದೆಯೇ ಅಕ್ಷರ ಗುರುತಿಸತೊಡಗಿದರು.

ಅಷ್ಟರಲ್ಲಿ ಚಿಕ್ಕೋಡಿಯಿಂದ ಮೇಲ್ವಿಚಾರಕರು ತಪಾಸಣೆಗೆ ಬಂದರು. ಮೈಸೂರಿನ ಕಡೆಯವರು, ಮೃದು ಮಾತು.

"ಪುಸ್ತಕದಲ್ಲಿ ಹಸು ಇದೆಯಲ್ಲಮ್ಮ. ಇದೇನು, ಬೊಚ್ಚು ಬಾಯಿ?"

ಅಷ್ಟು ಕೇಳಿ ಅವರು ಪಾಟಿಯ ಮೇಲೆ 'ಮರ' ಎಂದು ಬರೆದು ಆಯಿಯ ಮುಂದೆ ಹಿಡಿದರು. ಆಯಿಯ ಕೈ ಮೊದಲ ಸಲ ನಿಂತಿತು.

"ಮ... ರ. ಮರ."

ಸಾಹೇಬರಿಗೆ ಸಂತೋಷವಾಯಿತು. ಹೊರಗಿದ್ದ ಬೇವಿನತ್ತ ಕೈ ತೋರಿಸಿ, "ಅದೇ ನೋಡಿ ಮರ!" ಎಂದರು.

"ಅಲ್ರೀ ಸಾಹೇಬ್ರ, ಅದು ಗಿಡ. ನಿಮಗ ಓದಾಕ ಬರತೈತಿ, ಹೆಸರ ಗೊತ್ತಿಲ್ಲ ನೋಡ್ರಿ."

ಹೆಂಗಸರೆಲ್ಲ ಅವರ ಮುಖ ನೋಡಿದರು. ಆಮೇಲೆ ಸಾಹೇಬರೇ ಎಲ್ಲರಿಗಿಂತ ಮೊದಲು ನಕ್ಕರು. ಹೋಗುವಾಗ, "ಮುಂದಿನ ತರಬೇತಿಗೆ ಇವನ್ನೆಲ್ಲ ತನ್ನಿ, ಉಳಿದವರೂ ನೋಡಲಿ," ಎಂದರು.

ನಾನು ಬೀಗುತ್ತಲೇ ಹೋದೆ. ಆದರೆ ಅಲ್ಲಿ ಕಾಗವಾಡದ ಕಡೆಯ ಶಿಕ್ಷಕಿ ನನ್ನ ರಟ್ಟುಗಳನ್ನು ತಿರುವಿ ಹಾಕಿ, "ಚಂದ ಅದಾವ್ರಿ. ಆದ್ರ ನನ್ನ ಮಂದ್ಯಾಗ ಅರ್ಧ ಮಂದಿ ಮನ್ಯಾಗ ಮರಾಠಿ ಮಾತಾಡ್ತಾರ. ಅವರು ಹಲ್ಲಿಗೆ ದಾತ ಅಂತಾರ," ಎಂದಳು. ಅಥಣಿಯವರು, ರಾಯಬಾಗದವರು ತಮ್ಮ ತಮ್ಮ ತಕರಾರು ಸೇರಿಸಿದರು. ಮೊದಲ ದಿನದಂತೆಯೇ ನನ್ನ ಮುಖ ಸಣ್ಣದಾಯಿತು. ಕೊನೆಗೆ ಬರೆದ ರಟ್ಟುಗಳನ್ನು ಚೀಲಕ್ಕೆ ಹಾಕಿ, ಅದರಲ್ಲಿ ಉಳಿದಿದ್ದ ಖಾಲಿ ರಟ್ಟುಗಳನ್ನೇ ಎಲ್ಲರಿಗೂ ಹಂಚಿದೆ.

ತಿಂಗಳ ನಂತರ ಕಾಗವಾಡದ ಶಿಕ್ಷಕಿ ಸಿಕ್ಕಳು. ಅವಳ ತರಗತಿಯವರು ಒಂದೊಂದು ಅಕ್ಷರಕ್ಕೆ ಐದಾರು ಹೆಸರು ಹೇಳಿ ಜಗಳಕ್ಕೇ ಬಿದ್ದರಂತೆ. ರಟ್ಟು ಸಾಲದೆ, ಹಳೆಯ ಲಗ್ನಪತ್ರಿಕೆಗಳ ಹಿಂಬದಿಗೆಲ್ಲ ಚಿತ್ರ ಬರೆಯುತ್ತಿದ್ದಳು.